ಪ್ಯಾಕೆಟ್ಟಿಗೆ ಮುಸುರೆಯಿಲ್ಲ

ನನ್ನ ನಾದಿನಿ ಜಲಜಮ್ಮ ಎಸ್ಸೆಸ್ಸೆಲ್ಸಿ ಪಾಸು. ಇದನ್ನ ನಾನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾನು ಹೇಳದಿದ್ರೆ ಅವಳೇ ಬಂದು ಹೇಳ್ತಾಳೆ. ನಾನು ಆ ಮನೆಗೆ ಸೊಸೆಯಾಗಿ ಬಂದ ದಿನ, ಹೊಸಿಲ ಮೇಲಿನ ಅಕ್ಕಿ ಸೇರು ಒದೆಯೋಕೆ ಕಾಲೆತ್ತಿದೀನಿ, "ಅತ್ತಿಗೆ, ಇಂಗ್ಲಿಷ್‌ನಲ್ಲಿ ಇಡೀ ಸ್ಕೂಲಿಗೆ ನಾನೇ ಫಸ್ಟು" ಅಂದೋಳು. ನಾನು ಮೂರನೇ ಕ್ಲಾಸಲ್ಲಿ ಸ್ಲೇಟು ಒಡ್ಕೊಂಡು ಮನೆಗೆ ಬಂದೋಳು. ಹೊಸ ಸ್ಲೇಟು ಯಾರೂ ಕೊಡಿಸಲಿಲ್ಲ, ನಾನೂ ಕೇಳಲಿಲ್ಲ. ಕನ್ನಡ ಕೂಡಿಸಿ ಕೂಡಿಸಿ ಓದ್ತೀನಿ, ಅಂಕಿ ಗೊತ್ತು. ಇಂಗ್ಲಿಷಿಗೂ ನನಗೂ ಪರಿಚಯ ಇಲ್ಲ.

ಇಂಥ ಎಸ್ಸೆಸ್ಸೆಲ್ಸಿ ಕಣ್ಣಿಗೆ ಪೊರೆ ಬಂತು. ಎರಡೂ ಕಣ್ಣಿಗೆ. ಎಷ್ಟು ಪೊರೆ ಅಂದ್ರೆ, ಭದ್ರಾವತಿಲಿ ಅವರ ಮನೆ ಮುಂದೆ ಯಾರೋ ನಿಲ್ಲಿಸಿ ಹೋಗಿದ್ದ ಸ್ಕೂಟ್ರಿಗೆ "ಬಾರಪ್ಪ ಒಳಗೆ, ಬಿಸಿಲಲ್ಲಿ ಯಾಕೆ ನಿಂತಿದೀಯ" ಅಂತ ಕರೆದು, ಒಂದು ಲೋಟ ಕಾಫಿನೂ ತಂದಿಟ್ಟಳಂತೆ. ಸ್ಕೂಟ್ರು ಒಳಗೆ ಬರಲಿಲ್ಲ ಅಂತ ಮೂರು ದಿನ ಸಿಟ್ಟು. ಕರೆದಿದ್ದು ನಿಜ, ಅವಳ ಸೊಸೆ ಸುಪ್ರಿಯಾನೇ ಹೇಳಿದ್ದು. ಕಾಫಿ ನಾನು ಸೇರಿಸಿದ್ದು.

ನಗೋದು ಬಿಡಿ, ಸಂಕಟದ ವಿಷಯನೂ ಇತ್ತು. ಜಲಜ ದಿನಾ ಬೆಳಗ್ಗೆ ಜಗಲಿ ಮೇಲೆ ಕೂತು ಪೇಪರ್ ಓದೋಳು. ಮನಸ್ಸಲ್ಲಿ ಅಲ್ಲ, ಗಂಟಲಲ್ಲಿ. ಅಡಿಕೆ ರೇಟಿಂದ ಹಿಡಿದು ಸತ್ತೋರ ಫೋಟೋವರೆಗೂ ಒಂದೂ ಬಿಡದೆ. ಅರ್ಧ ಬೀದಿ ಅದನ್ನ ಕೇಳಿಸಿಕೊಂಡೇ ಕೆಲಸಕ್ಕೆ ಹೋಗೋದು. ಅದು ನಿಂತುಹೋಗಿತ್ತು. ಆಮೇಲೂ ಪೇಪರ್ ತರಿಸೋಳು, ತೊಡೆ ಮೇಲೆ ಹರಡ್ಕೊಂಡು ಸುಮ್ಮನೆ ಕೂರೋಳು. ನಾನು ಒಂದು ಸಲ ಕಣ್ಣಾರೆ ನೋಡಿದೆ, ತಲೆಕೆಳಗೆ ಹಿಡ್ಕೊಂಡಿದ್ಲು. ನಾನು ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡದ ಸಂದರ್ಭ ನನ್ನ ಜೀವನದಲ್ಲಿ ಬಹಳ ಕಮ್ಮಿ, ಹಾಗಾಗಿ ನೆನಪಿದೆ.

ಆಪರೇಷನ್ನಿಗೆ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟ್ರು ಪ್ರಿಯಂವದಾ ಹತ್ರ ಡೇಟ್ ತಗೊಂಡಿದ್ವಿ. ಆಯಮ್ಮನೇ ನನ್ನ ಕಣ್ಣಿಗೂ ಮಾಡಿದ್ದು. ಈಗ ನಾನು ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮನೇಲಿ ಕೂತೇ ಎದುರು ಮನೆ ಗೋಡೆ ಮೇಲಿನ ಇರುವೆ ಯಾವ ಕಾಲು ಮುಂದಿಡ್ತು ಅಂತ ಹೇಳ್ತೀನಿ. ಜಲಜ ಸೀರೆ, ಟವಲು, ವಿಭೂತಿ ಗಟ್ಟಿ ಎಲ್ಲ ಬ್ಯಾಗಿಗೆ ತುಂಬ್ಕೊಂಡು ನಮ್ಮನೆಗೆ ಬಂದ್ಲು. ಆಸ್ಪತ್ರೇಲಿ ರಕ್ತ ನೋಡಿದ್ರು, ಸಕ್ಕರೆ ಕಾಯಿಲೆ ಏರಿ ಕೂತಿತ್ತು. "ಇಳಿಸಿಕೊಂಡು ಬನ್ನಿ" ಅಂತ ವಾಪಸ್ ಕಳಿಸಿದ್ರು. ಎರಡನೇ ಸಲ ಬಂದ್ಲು, ಇನ್ನೂ ಏರಿತ್ತು.

"ಏನು ಊಟ ಮಾಡ್ತೀರಮ್ಮ ನೀವು?" ಅಂದ್ರು ಡಾಕ್ಟ್ರು.

"ಊಟನಾ? ನಾನು ಸೋಮವಾರ ಸಂಜೆವರೆಗೂ ಊಟನೇ ಮಾಡಲ್ಲ. ಒಪ್ಪತ್ತು ಇರ್ತೀನಿ" ಅಂದ್ಲು ಜಲಜ, ಮೆಡಲ್ ತೋರಿಸೋ ಹಾಗೆ.

ಡಾಕ್ಟ್ರು ಅವಳನ್ನ ನೋಡಿದ್ರು, ಚೀಟಿ ನೋಡಿದ್ರು. "ಗಣಪತಿ ಹಬ್ಬ ಕಳೆದ ಮೇಲೆ ಇನ್ನೊಂದು ಡೇಟ್ ಕೊಡ್ತೀನಿ. ಪೊರೆ ಬಲಿತು ಗಟ್ಟಿಯಾಗ್ತಿದೆ, ಬಹಳ ದಿನ ಕಾಯೋಕಾಗಲ್ಲ. ಆಗಲೂ ಇಳೀದಿದ್ರೆ ನಾನು ಕೈ ಹಾಕಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತೆ" ಅಂದ್ರು.

ಬಸ್ ಸ್ಟ್ಯಾಂಡಿಗೆ ಹೋಗೋ ಆಟೋದಲ್ಲಿ ಜಲಜ ನನ್ನ ಕೈ ಹಿಡ್ಕೊಂಡು, "ಅತ್ತಿಗೆ, ನಾನು ಕುರುಡಿ ಆಗಿಬಿಡ್ತೀನಾ?" ಅಂದ್ಲು. ನಾನು "ಆಗಲ್ಲ ಬಿಡೇ, ಕುರುಡಿ ಆದ್ರೆ ನನ್ನಲ್ಲಿ ಹುಳುಕು ಹುಡುಕೋರು ಯಾರು" ಅಂದೆ. ಅವಳು ನಗಲಿಲ್ಲ.

ಒಪ್ಪತ್ತಿನ ಕಥೆ ಹೇಳಬೇಕು. ಮೊದಲ ಸಲ ಡಾಕ್ಟ್ರು ವಾಪಸ್ ಕಳಿಸಿದಾಗ ಜಲಜ ಶಿವನಿಗೆ ಹರಕೆ ಹೊತ್ತಳು: ಕಣ್ಣು ಬರೋವರೆಗೂ ಸೋಮವಾರ ಒಪ್ಪತ್ತು, ಸಂಜೆ ಪೂಜೆ ಆದ ಮೇಲೆ ಒಂದೇ ಊಟ, ಅಲ್ಲಿವರೆಗೆ ಮುಸುರೆ ಮುಟ್ಟಲ್ಲ. ಮುಸುರೆ ಅಂದ್ರೆ ಒಲೆ ಮೇಲೆ ಬೆಂದಿದ್ದು, ಅನ್ನ, ಮುದ್ದೆ, ಸಾರು. ಎರಡನೇ ಸಲ ವಾಪಸ್ ಕಳಿಸಿದಾಗ ಗುರುವಾರ, ಶನಿವಾರನೂ ಸೇರಿಸಿದ್ಲು. ಒಪ್ಪತ್ತು ಜಾಸ್ತಿ ಆದಷ್ಟೂ ಸಕ್ಕರೆ ಏರ್ತಿತ್ತು. ಶಿವ ಲೆಕ್ಕ ಉಲ್ಟಾ ಹಿಡಿದಿದಾನೇನೋ ಅಂತ ನನಗೂ ಅನುಮಾನ ಬಂತು.

ಜಲಜನಿಗೆ ಮಾತ್ರ ಶಿವನ ಮೇಲೆ ಅನುಮಾನ ಇಲ್ಲ. ಸೊಸೆ ಮೇಲೆ ಇತ್ತು.

"ಸಾರಿಗೆ ಬೆಲ್ಲ ಹಾಕ್ತಾಳೆ ಅತ್ತಿಗೆ. ನನಗೆ ಕಣ್ಣು ಕಾಣಲ್ಲ ಅಂತ ಅವಳಿಗೆ ಗೊತ್ತಲ್ಲ" ಅಂತ ಫೋನಲ್ಲಿ ಪಿಸುಗುಟ್ಟಿದ್ಲು. ಅವಳ ಪಿಸುಮಾತು ಭದ್ರಾವತಿಯಿಂದ ಫೋನಿಲ್ಲದೆನೂ ನನಗೆ ಕೇಳ್ಸುತ್ತೆ, ಪಕ್ಕದಲ್ಲೇ ಇದ್ದ ಸೊಸೆಗೆ ಕೇಳಿಸದೇ ಇರುತ್ತಾ?

ಅವತ್ತೇ ಸಂಜೆ ಸುಪ್ರಿಯಾ ಫೋನ್ ಮಾಡಿದ್ಲು. ಅವಳು ಪ್ರೈವೇಟ್ ಸ್ಕೂಲಲ್ಲಿ ಟೀಚರ್ರು, ಮಕ್ಕಳ ಮುಂದೆ ಹುಲಿ, ಅತ್ತೆ ಮುಂದೆ ಬೆಕ್ಕಿನ ಮರಿ. "ಶಿವಮೊಗ್ಗದತ್ತೆ, ಬೆಲ್ಲದ ಡಬ್ಬಕ್ಕೆ ಬೀಗ ಹಾಕಿ ಕೀನ ಅವರ ಸೆರಗಿಗೇ ಕಟ್ಟಿದೀನಿ. ಆದ್ರೂ ನನ್ನೇ ಅಂತಾರೆ. ಬೀದೀಲಿ ತರಕಾರಿಯೋಳು ಕೂಡ ಕೇಳ್ತಾಳೆ, ಬೆಲ್ಲ ಯಾಕೆ ಹಾಕ್ತೀಯಮ್ಮ ಅಂತ. ನೀವು ಬನ್ನಿ, ಬಂದು ನಾನು ಏನು ಹಾಕ್ತೀನಿ ನೀವೇ ನೋಡಿ" ಅಂದು ಅತ್ತಳು.

"ನಿನ್ನ ಗಂಡ ಏನಂತಾನೆ?"

"ಇವರು ಮೋಟ್ರು ಹಾಕೋಕೆ ಹೋಗಿದಾರೆ."

ಅವಳ ಗಂಡ ಶಶಿಧರ್ ಮನೇಲಿ ಒಂದು ಮಾತು ಜೋರಾದ್ರೆ ನೀರಿನ ಮೋಟ್ರು ಹಾಕೋಕೆ ಹೋಗ್ತಾನೆ. ಅವರ ಮನೆ ಟ್ಯಾಂಕು ವರ್ಷದಿಂದ ತುಂಬಿ ಹರೀತಿದೆ. ಭದ್ರಾ ನದಿಗೆ ಅರ್ಧ ನೀರು ಅಲ್ಲಿಂದಾನೇ ಬರೋದು.

ನಾನು ಭಾನುವಾರ ಹೊರಟೆ. ಭದ್ರಾವತಿ ಬಸ್ಸು ಎಷ್ಟು ತುಂಬಿತ್ತು ಅಂದ್ರೆ, ಉಸಿರು ತಗೊಳೋಕೆ ಪಕ್ಕದೋಳು ಬಿಡೋವರೆಗೂ ಕಾಯಬೇಕಿತ್ತು. ಕಂಡಕ್ಟರ್ "ಅಜ್ಜಿ, ಒಂಚೂರು ಒಳಗೆ ಹೋಗಿ" ಅಂದ. "ಇನ್ನೂ ಒಳಗೆ ಹೋದ್ರೆ ಡ್ರೈವರ್ ತೊಡೆ ಮೇಲೆ ಕೂರ್ತೀನಿ ಕಣಪ್ಪ" ಅಂದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ನೋಡಿ ಗಾಬರಿಯಾಗಿ ಬಸ್ಸು ಬಿಟ್ಟೇಬಿಟ್ಟ.

ಸೋಮವಾರ ಬೆಳಗ್ಗೆ ಶಶಿಧರ್ ಆಫೀಸಿಗೆ, ಸುಪ್ರಿಯಾ ಸ್ಕೂಲಿಗೆ ಹೋದ್ರು. ಹೋಗೋಕೆ ಮುಂಚೆ ಸುಪ್ರಿಯಾ ನನಗೆ ಅಕ್ಕಿ ರೊಟ್ಟಿ, ಸೊಪ್ಪಿನ ಪಲ್ಯ ಬಡಿಸಿದ್ಲು. ಅವಳು ಅಡುಗೆ ಮಾಡೋವಾಗ ನಾನು ಪೊಲೀಸರ ಥರ ಪಕ್ಕದಲ್ಲೇ ನಿಂತಿದ್ದೆ. ಬೆಲ್ಲ ಇಲ್ಲ, ಸಕ್ಕರೆ ಇಲ್ಲ, ಉಪ್ಪೇ ಸಾಲದು. ಜಲಜ ರೊಟ್ಟಿ ಕಡೆ ಮೂಗು ಕೂಡ ತಿರುಗಿಸಲಿಲ್ಲ. "ನನ್ನದು ಒಪ್ಪತ್ತು. ನೀವು ತಿನ್ನಿ ಅತ್ತಿಗೆ, ನಿಮಗೆ ದೇವರ ಭಯ ಇಲ್ಲ" ಅಂದ್ಲು.

"ಇದೆ ಮಾರಾಯ್ತಿ. ಅದಕ್ಕೇ ಅವನು ಕೊಟ್ಟಿದ್ದನ್ನ ಬಿಡದೇ ತಿಂತೀನಿ" ಅಂದೆ.

ನಾನು ಕೈ ತೊಳ್ಕೊಂಡು ಬರೋಷ್ಟರಲ್ಲಿ ದೇವರ ಮನೆಯಿಂದ ಕರ್ ಕುರ್ ಅಂತ ಶಬ್ದ. ಇಲಿ ಅನ್ಕೊಂಡೆ. ಇಣುಕಿ ನೋಡ್ತೀನಿ, ನನ್ನ ನಾದಿನಿ ದೇವರ ಗೂಡಿನ ಕೆಳಗಿನ ಕಪಾಟು ತೆಗೆದು ಕೂತಿದಾಳೆ. ಕಪಾಟಲ್ಲಿ ಒಂದು ಕಡೆ ವಿಭೂತಿ, ಕರ್ಪೂರ, ಬತ್ತಿ. ಇನ್ನೊಂದು ಕಡೆ ಪ್ಯಾಕೆಟ್ಟೋ ಪ್ಯಾಕೆಟ್ಟು! ಬಿಸ್ಕತ್ತು, ರಾಗಿ ಚಿಪ್ಸು, ಬಿಸಿನೀರಿಗೆ ಕಲಸೋ ಪುಡಿ ಡಬ್ಬ. ಪೇಟೆ ಅಂಗಡಿಯಲ್ಲೂ ಅಷ್ಟು ಸ್ಟಾಕು ಇರಲಿಕ್ಕಿಲ್ಲ. ಎಲ್ಲದರ ಮೇಲೂ ಗ್ರೇನೋಜೀವ ಅಂತ ಒಂದೇ ಕಂಪನಿ ಹೆಸರು, ಕನ್ನಡದಲ್ಲೂ ಇತ್ತು, ಕೂಡಿಸಿ ಓದಿದೆ.

"ಏನೇ ಇದು ಜಲಜಾ! ಒಪ್ಪತ್ತು ಅಂದೆ?"

"ಒಪ್ಪತ್ತೇ. ಇದು ಮುಸುರೆ ಅಲ್ಲವಲ್ಲ" ಅಂದ್ಲು, ಬಾಯ್ತುಂಬ ಬಿಸ್ಕತ್ತು ಇಟ್ಕೊಂಡು.

"ಬಿಸ್ಕತ್ತು ಬೇಯಿಸದೇ ಆಗುತ್ತೇನೇ?"

"ಯಾರು ಬೇಯಿಸಿದ್ದು ಹೇಳಿ? ಮನುಷ್ಯರು ಮುಟ್ಟಿದ್ರೆ ತಾನೇ ಮುಸುರೆ. ಇದನ್ನ ಮಿಷನ್ನು ಮಾಡುತ್ತೆ, ಮಿಷನ್ನೇ ಕಟ್ಟುತ್ತೆ. ಯಾರ ಕೈಯೂ ತಾಗಲ್ಲ. ಟೀವೀಲಿ ತೋರಿಸ್ತಾರೆ. ಮಿಷನ್ನಿಗಿಂತ ಮಡಿ ಯಾರಿದಾರೆ ಅತ್ತಿಗೆ? ಅದು ಮುಟ್ಟಾಗುತ್ತಾ, ಸೂತಕ ಆಗುತ್ತಾ?"

ಎಸ್ಸೆಸ್ಸೆಲ್ಸಿ ಓದಿದ್ರೆ ಸುಮ್ಮನೇನಾ.

"ಡಾಕ್ಟ್ರಿಗೆ ಇದನ್ನ ಹೇಳಿದ್ಯಾ?"

"ಅವರು ಊಟ ಕೇಳಿದ್ರು. ಇದು ಊಟನಾ? ಇದು ಔಷಧಿ ಇದ್ದ ಹಾಗೆ. ಮೂಲೆ ಅಂಗಡಿ ಲಕ್ಷ್ಮೀಕಾಂತನೇ ಮನೆಗೆ ಕಳಿಸ್ತಾನೆ, 'ಅಮ್ಮಾ, ಶುಗರ್‌ನೋರಿಗೇ ಅಂತ ಬಂದಿದೆ' ಅಂತ. ಇಲ್ಲಿ ನೋಡಿ, ಎಷ್ಟು ದೊಡ್ಡದಾಗಿ ಹಾಕಿದಾರೆ, ಇದು ನನಗೂ ಕಾಣುತ್ತೆ." ಪುಡಿ ಡಬ್ಬ ಮುಖದ ಹತ್ರ ತಂದ್ಕೊಂಡು ಇಂಗ್ಲಿಷಲ್ಲಿ ಓದಿ, "ಸಕ್ಕರೆ ಸೇರಿಸಿಲ್ಲ ಅಂತ" ಅಂದ್ಲು.

ಡಬ್ಬದ ಮೇಲೆ ಒಬ್ಬ ಮುದುಕ, ಒಬ್ಬಳು ಮುದುಕಿ ಗುಡ್ಡ ಹತ್ತಿ ಓಡ್ತಾ ನಗ್ತಿದ್ರು. ಇಬ್ಬರಿಗೂ ಮೂವತ್ತೆರಡು ಹಲ್ಲೂ ಇದ್ವು, ಒಂದೆರಡು ಜಾಸ್ತಿನೇ ಇದ್ವು. ನನ್ನ ವಯಸ್ಸಿನ ಯಾವ ಮುದುಕಿನೂ ಗುಡ್ಡದಲ್ಲಿ ಹಂಗೆ ಓಡಲ್ಲ, ಚಿರತೆ ಬಂದ್ರೆ ಬೇರೆ ಮಾತು. ನಾನು ಒಂದು ಬಿಸ್ಕತ್ತು ಬಾಯಿಗೆ ಹಾಕ್ಕೊಂಡೆ.

"ಸಿಹಿಯಾಗಿದೆಯಲ್ಲೇ!"

"ಅದು ಧಾನ್ಯದ ಸಿಹಿ."

"ನಾನು ಹುಟ್ಟಿದಾಗಿಂದ ರಾಗಿ ತಿಂದಿದೀನಿ. ಯಾವ ರಾಗಿನೂ ನನ್ನ ನಾಲಿಗೆಗೆ ಹಿಂಗೆ ಮುದ್ದು ಮಾಡಿಲ್ಲ. ಹಿಂದೆ ಏನೋ ಬರೆದಿದಾರಲ್ಲ, ಅದನ್ನ ಓದು."

"ಹಿಂದಿನದು ನನಗೆ ಕಾಣಲ್ಲ, ಬರೀ ಕಪ್ಪು ಧೂಳು. ನೀವೇ ಓದಿ."

"ನನಗೆ ಕಾಣುತ್ತೆ, ಓದೋಕೆ ಬರಲ್ಲ."

ನೋಡಿ ನಮ್ಮ ಪರಿಸ್ಥಿತಿ. ಕಣ್ಣು ನನ್ನ ಹತ್ರ, ಇಂಗ್ಲಿಷು ಅವಳ ಹತ್ರ. ಇಬ್ಬರನ್ನೂ ಸೇರಿಸಿ ಹೊಲಿದಿದ್ರೆ ಒಬ್ಬ ಪೂರ್ತಿ ಹೆಂಗಸು ಆಗ್ತಿದ್ಲು. ಸುಪ್ರಿಯಾ ಬರೋವರೆಗೆ ಕಾಯೋಣ ಅಂದ್ರೆ ಜಲಜ ಒಪ್ಪಲಿಲ್ಲ, "ಅವಳು ಓದಿದ್ದನ್ನ ನಾನು ನಂಬಲ್ಲ" ಅಂದ್ಲು.

ಆಗ ನನಗೆ ಹೊಳೀತು. ನನಗೆ ಓದೋಕೆ ಬರದಿದ್ರೆ ಏನು, ಬರೆಯೋಕೆ ಬರುತ್ತಲ್ಲ! ಯಾವ ರಂಗೋಲಿನಾದ್ರೂ ಒಂದು ಸಲ ನೋಡಿದ್ರೆ ಹಂಗೇ ಇಳಿಸ್ತೀನಿ. ಇಂಗ್ಲಿಷೂ ಗೆರೆ ತಾನೇ? ಅವರ ಮನೇದು ಕೆಂಪು ಗಾರೆ ನೆಲ. ಅಲ್ಲೇ ದೇವರ ಮನೆಯಲ್ಲಿದ್ದ ರಂಗೋಲಿ ಡಬ್ಬ ಎತ್ಕೊಂಡು, ಪ್ಯಾಕೆಟ್ಟಿನ ಬೆನ್ನು ನೋಡ್ತಾ ಒಂದೊಂದೇ ಅಕ್ಷರನ ಮಣೆ ಗಾತ್ರ ಹಾಕ್ತಾ ಹೋದೆ. ಜಲಜ ಮಂಡಿಯೂರಿ, ನೆಲಕ್ಕೆ ಮೂಗು ತಾಗಿಸಿ ಹಿಂದೆನೇ ಬಂದ್ಲು.

"ಆರ್... ಇ... ಇದೇನು ಅತ್ತಿಗೆ, ಇದರಿಂದ ಬಳ್ಳಿ ಹೊರಟಿದೆ?"

"ಸುಮ್ಮನೆ, ಚೆಂದಕ್ಕೆ."

"ಅಕ್ಷರಕ್ಕೆ ಬಳ್ಳಿ ಬಿಡಬೇಡಿ ಮಾರಾಯ್ತಿ! ನಾನು ಅದನ್ನೂ ಓದಿಬಿಡ್ತೀನಿ."

ಕೈ ಕೇಳಬೇಕಲ್ಲ. ಒಂದು ಗೆರೆ ಎಳೆದ್ರೆ ತುದಿಗೆ ಹೂವು ಬಿಡುತ್ತೆ. ಒರೆಸಿ, ಮತ್ತೆ ಹಾಕಿದೆ. ಎರಡು ಗುಡ್ಡ ಪಕ್ಕಪಕ್ಕ, ಆಮೇಲೆ ಗೋಪುರದ ಹೊಟ್ಟೆಗೊಂದು ಪಟ್ಟಿ, ಆಮೇಲೊಂದು ಕಂಬ, ಅರ್ಧ ಚಂದ್ರ, ಮತ್ತೆ ಗೋಪುರ. ಜಲಜ ಬೆರಳು ಆಡಿಸಿ, "ಎಂ, ಎ, ಐ... ಮೈದಾ!" ಅಂದ್ಲು.

"ರಾಗಿ ತೆನೆ ಚಿತ್ರ ಹಾಕಿ ಮೈದಾನಾ?"

"ಮುಂದೆ ಹಾಕಿ, ಮುಂದೆ ಹಾಕಿ. ರಾಗಿ ಬರುತ್ತೆ."

ಎಲ್ಲಿಂದ ಬರುತ್ತೆ! ತಾಳೆ ಎಣ್ಣೆ ಬಂತು. ಉಪ್ಪು ಬಂತು. ನಾನು ದೇವರ ಮನೆ ಮುಗಿಸಿ ನಡುಮನೆಗೆ ಬಂದೆ. ನಡುಮನೆ ಮುಗೀತು, ಹೊಸಿಲು ದಾಟಿ ಜಗಲಿಗೆ ಬಂದೆ. ನನ್ನ ಮದುವೆ ಚಪ್ಪರದಲ್ಲೂ ಅಷ್ಟು ಉದ್ದ ರಂಗೋಲಿ ಹಾಕಿರಲಿಲ್ಲ. ಕೊನೆಗೂ ರಾಗಿ ಸಿಕ್ಕಿತು. ಪಕ್ಕದಲ್ಲಿ ಅಂಕಿ ಇತ್ತು, ಅಂಕಿ ನನಗೆ ಗೊತ್ತು.

"ಎರಡು ಅಂತಿದೆ ಜಲಜಾ. ಆಮೇಲೆ ಎರಡು ಪುಟಾಣಿ ಸೊನ್ನೆ, ಮಧ್ಯೆ ಒಂದು ಓರೆ ಕಡ್ಡಿ."

"ನೂರಕ್ಕೆ ಎರಡು ಪಾಲು" ಅಂದ್ಲು. ದನಿ ಸ್ವಲ್ಪ ಇಳಿದಿತ್ತು.

"ಅಷ್ಟು ರಾಗಿ ನನ್ನ ಸೀರೆಗೆ ಅಂಟಿಕೊಂಡಿರುತ್ತೆ ಕಣೇ, ಮುದ್ದೆ ತಿರುವಿದ ದಿನ."

ರಾಗಿ ಹಿಂದೇನೇ ಇನ್ನೊಂದು ಪದ ಇತ್ತು. ಮೊದಲು ಬಾಲ ಮಡಚಿ ಮಲಗಿದ ಬೆಕ್ಕಿನ ಥರ ಒಂದು ಅಕ್ಷರ, ಆಮೇಲೆ ಮೂಲೆ, ಆಮೇಲೆ ತೊಟ್ಟಿಲು, ಮುರಿದ ಬಳೆ, ಇಡೀ ಬಳೆ, ಹಾವು, ಬಾಚಣಿಗೆ. ಜಲಜ ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದ್ಲು. ಮತ್ತೆ ಮೊದಲಿಂದ ಮುಟ್ಟಿದ್ಲು.

"ಏನಂತಿದೆ? ಹೇಳೇ."

"ಗ್ಲೂಕೋಸು."

"ಆಸ್ಪತ್ರೇಲಿ ಬಾಟ್ಲಿ ನೇತು ಹಾಕಿ ಏರಿಸ್ತಾರಲ್ಲ, ಅದಾ?"

"ಅದೇ ಜಾತಿ."

"ಹಂಗಾದ್ರೆ ನೀನು ಒಪ್ಪತ್ತು ಮಾಡ್ತಿರಲಿಲ್ಲ ಕಣೇ. ವಾರಕ್ಕೆ ಮೂರು ದಿನ ದೇವರ ಮುಂದೆ ಕೂತು ಗ್ಲೂಕೋಸ್ ಏರಿಸಿಕೊಳ್ತಿದ್ದೆ, ಬಾಯಿಂದ!"

ನಾನು ನಗೋಕೆ ಅಂತಲೇ ಹೇಳಿದ್ದು. ಅವಳು ಜಗಲಿ ಮೇಲೆ ಕಾಲು ಚಾಚಿ ಕೂತುಬಿಟ್ಲು, ಮುಂಗೈ ತುಂಬ ರಂಗೋಲಿ. ಎದುರು ಮನೆ ತಮಿಳಮ್ಮ ಕೊಡ ಹಿಡ್ಕೊಂಡು ಬಂದೋಳು ಅಲ್ಲೇ ನಿಂತು, "ಏನು ಹಬ್ಬ ಅಕ್ಕಾ ಇವತ್ತು? ನಮಗೆ ಹೇಳಲೇ ಇಲ್ಲ" ಅಂದ್ಲು.

"ಬಿಸ್ಕತ್ ಹಬ್ಬ ಕಣಮ್ಮ. ಬಳ್ಳಿ ತುಳೀಬೇಡ" ಅಂದೆ.

"ಡಬ್ಬದ್ದೂ ಹಾಕಿ ಅತ್ತಿಗೆ" ಅಂದ್ಲು ಜಲಜ. "ಅದಕ್ಕೆ ಸಕ್ಕರೆ ಇಲ್ಲ ಅಂತ ಬರೆದಿದೆ. ಅದಾದ್ರೂ ಸರಿ ಇರಬಹುದು."

ಡಬ್ಬದ ಹಿಂದೆ ಮೊದಲನೇ ಪದವೇ ರೈಲಿನಷ್ಟು ಉದ್ದ. ಜಗಲಿ ಸಾಲಲಿಲ್ಲ, ಅಂಗಳಕ್ಕೆ ಇಳಿದೆ. ಗೇಟಿನ ಹತ್ರ ರಂಗೋಲಿ ಪುಡಿ ಮುಗೀತು, ಅಕ್ಕಿ ಹಿಟ್ಟು ತಂದು ಮುಗಿಸಿದೆ. ಜಲಜ ಕೂಡಿಸಿ, "ಮಾಲ್ಟೋ... ಡೆಕ್ಸ್... ಟ್ರಿನ್. ಇದು ನಮ್ಮ ಪಾಠದಲ್ಲಿ ಇರಲಿಲ್ಲ" ಅಂದ್ಲು. ಅರವತ್ತು ವರ್ಷದಲ್ಲಿ ಮೊದಲನೇ ಸಲ ಅವಳ ಬಾಯಲ್ಲಿ ಇಂಗ್ಲಿಷಿನ ಒಂದು ವಿಷಯ ಗೊತ್ತಿಲ್ಲ ಅಂತ ಕೇಳಿದೆ. ಸಿಡಿಲು ಹೊಡೀಬೇಕಿತ್ತು, ಹೊಡೀಲಿಲ್ಲ.

ಸಂಜೆ ಸುಪ್ರಿಯಾ ಗೇಟು ತೆಗೆದೋಳು ಒಂದು ಕಾಲು ಎತ್ಕೊಂಡೇ ನಿಂತ್ಲು. "ಇದೇನಿದು? ಅಂಗಳದಲ್ಲಿ ಯಾರು ಮಾಲ್ಟೋಡೆಕ್ಸ್ಟ್ರಿನ್ ಬರೆದಿದ್ದು?"

"ನಾನು. ಹಂಗಂದ್ರೆ ಏನೇ?"

ಫೋನ್ ತೆಗೆದು ನೋಡಿದ್ಲು. ಮೆಕ್ಕೆಜೋಳದ ಹಿಟ್ಟನ್ನೋ ಇನ್ಯಾವುದೋ ಹಿಟ್ಟನ್ನೋ ಒಡೆದು ಒಡೆದು ನುಣ್ಣಗೆ ಮಾಡಿರೋದಂತೆ. ಹೆಸರಿಗೆ ಸಕ್ಕರೆ ಅಲ್ಲ, ಹೊಟ್ಟೆಗೆ ಹೋದ ಮೇಲೆ ಸಕ್ಕರೆ ಥರಾನೇ ರಕ್ತದಲ್ಲಿ ಸಕ್ಕರೆ ಏರಿಸುತ್ತಂತೆ, ಅದೂ ಬೇಗ ಬೇಗ.

"ಸಕ್ಕರೆ ಹಾಕಿಲ್ಲ ಅಂತ ಬರೆದಿದಾರಲ್ಲೇ!" ಅಂದ್ಲು ಜಲಜ.

"ಹಾಕಿಲ್ಲ ಅತ್ತೆ. ಅದರ ಅಣ್ಣನ ಹಾಕಿದಾರೆ." ಸುಪ್ರಿಯಾ ಅಲ್ಲಿಂದ ನಡುಮನೆವರೆಗೂ ಓದ್ತಾ ಓದ್ತಾ ಒಳಗೆ ಬಂದ್ಲು, ಸೀರೆ ಎತ್ಕೊಂಡು, ಒಂದಕ್ಷರ ತುಳೀದೆ. "ಆ ಡಬ್ಬ ನಿಮ್ಮ ಕಪಾಟಲ್ಲಿ ನಾನೂ ನೋಡಿದ್ದೆ. ಮುಂದೆ ಬರೆದಿದ್ದನ್ನ ನೋಡಿ ಒಳ್ಳೇದೇ ಇರಬೇಕು ಅಂತ ಸುಮ್ಮನಾದೆ. ತಿರುಗಿಸಲೇ ಇಲ್ಲ."

ಜಲಜ ಅವಳ ಕಡೆ ಮುಖ ಮಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬೆಲ್ಲದ ಡಬ್ಬದ ಕೀನ ಅಡುಗೆ ಮನೆ ಕಟ್ಟೆ ಮೇಲೆ ಇಟ್ಟು ಬಂದ್ಲು. ಕ್ಷಮಿಸು ಅನ್ನೋ ಪದ ನಮ್ಮ ಮನೆತನದ ಹೆಂಗಸರ ಗಂಟಲಲ್ಲಿ ಹಾದು ಬರಲ್ಲ. ಕೀ ಬಂತಲ್ಲ, ಅದೇ ದೊಡ್ಡದು.

ಅಷ್ಟಕ್ಕೆ ಮುಗೀತು ಅಂದ್ಕೊಳ್ಳಬೇಡಿ. ಹರಕೆ ಬಿಡೋಕೆ ಅವಳು ತಯಾರಿಲ್ಲ. "ಪ್ಯಾಕೆಟ್ಟೂ ಬೇಡ, ಬೆಳಗ್ಗಿಂದ ಸಂಜೆವರೆಗೆ ಬರೀ ನೀರು ಕುಡಿದೇ ಇರ್ತೀನಿ" ಅಂತ ಹಟ. ಸಕ್ಕರೆ ಮಾತ್ರೆ ನುಂಗಿ ಹಂಗಿದ್ರೆ ತಲೆ ಸುತ್ತಿ ಬೀಳ್ತಾರೆ ಅಂತ ಸುಪ್ರಿಯಾಗೆ ಭಯ. ಆಗಷ್ಟೇ ಆಫೀಸಿಂದ ಬಂದಿದ್ದ ಶಶಿಧರ್ ಮೋಟ್ರು ಹಾಕೋಕೆ ಎದ್ದ. "ಕೂತ್ಕೋ, ನದಿ ತುಂಬಿದೆ" ಅಂದು, ನಾನು ಅವರ ಅಯ್ಯನೋರಿಗೆ ಫೋನ್ ಹಚ್ಚಿಸಿದೆ. ಅಯ್ಯನೋರು ಅಂದ್ರೆ ವಿಶ್ವಾರಾಧ್ಯರು, ಆ ಮನೆಗೆ ಪೂಜೆಗೆ ಬರೋರು. ಫೋನ್ ಜೋರು ಮಾಡಿಟ್ಟು ಎಲ್ಲ ಹೇಳಿದೆ.

"ತಾಯೀ" ಅಂದ್ರು ಅವರು, "ಹಸಿದು ಬಿದ್ರೆ ಶಿವನಿಗೇನು ಲಾಭ? ಕಾಯಿಲೆಯೋರು ಮೂರು ಹೊತ್ತೂ ಉಣ್ಣಲಿ. ಉಣ್ಣೋಕೆ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ ಅವನನ್ನ ನೆನೀಲಿ. ಅದೇ ಹರಕೆ ಅಂತ ನಾನು ಹೇಳ್ತೀನಿ, ಪಾಪ ಬಂದ್ರೆ ನನಗೆ ಬರಲಿ. ಮಿಷನ್ನಿನ ಮಡಿ ಮಾತ್ರ ನಾನು ಎಲ್ಲೂ ಕೇಳಿಲ್ಲ."

"ಕೇಳಿದ್ಯಾ?" ಅಂದೆ ಜಲಜನಿಗೆ.

"ಅದಿರಲಿ" ಅಂತು ಫೋನು, ಸಣ್ಣ ದನಿಯಲ್ಲಿ, "ಆ ಬಿಸ್ಕತ್ತಿನ ಹೆಸರೇನಂದ್ರಿ? ಗ್ರೇನೋಜೀವನಾ? ಹಸಿರು ಪ್ಯಾಕೆಟ್ಟಾ?"

"ಹೌದು. ಯಾಕೆ ಅಯ್ಯನೋರೇ?"

ಆ ಕಡೆಯಿಂದ ಏನೋ ಡಬ್ಬದ ಮುಚ್ಚಳ ಮುಚ್ಚಿದ ಶಬ್ದ ಬಂತು. "ಏನಿಲ್ಲ ತಾಯಿ. ಸುಮ್ಮನೆ ಕೇಳಿದೆ" ಅಂದ್ರು.

ಜಲಜ ಅವತ್ತು ಮೊದಲ ಸಲ ನಕ್ಕಿದ್ದು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಪೊರೆ ಕೊಚ್ಚಿಕೊಂಡು ಹೋಗುತ್ತೇನೋ ಅನ್ಕೊಂಡೆ.

ನಾನು ನಾಲ್ಕು ದಿನಕ್ಕೆ ಅಂತ ಹೋದೋಳು ಗಣಪತಿ ಹಬ್ಬ ಮುಗಿಯೋವರೆಗೂ ಅಲ್ಲೇ ಉಳಿದೆ. ಸಕ್ಕರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಮಾತ್ರೆ ಸರಿ ಮಾಡಿಸಿದ್ವಿ. ಪ್ಯಾಕೆಟ್ಟು ಬಿಡೋದು ಸುಲಭ ಇರಲಿಲ್ಲ ಕಣ್ರೀ. ನಾಲ್ಕು ಗಂಟೆ ಆದ್ರೆ ಜಲಜ ಮನೆ ತುಂಬ ಗೂಡು ಕಳ್ಕೊಂಡ ಕೋಳಿ ಥರ ಓಡಾಡೋಳು. ಒಂದು ದಿನ ಖಾಲಿ ಕಪಾಟಿಗೆ ತಲೆ ಹಾಕಿ ವಾಸನೆ ತಗೊಳ್ತಿದ್ಲು. "ಕರ್ಪೂರ ನೋಡ್ತಿದ್ದೆ" ಅಂದ್ಲು. ಸುಪ್ರಿಯಾ ಆ ಹೊತ್ತಿಗೆ ಹುರಿದ ಶೇಂಗಾ, ಸೌತೆಕಾಯಿ, ಮಜ್ಜಿಗೆ ಇಟ್ಟು ಹೋಗೋಳು. ಲಕ್ಷ್ಮೀಕಾಂತ ಹೊಸ ಪ್ಯಾಕೆಟ್ಟು ಹಿಡ್ಕೊಂಡು ಬಂದಾಗ ಜಲಜ ಗೇಟಲ್ಲೇ ತಡೆದು, "ಹಿಂದೆ ಏನಿದೆ ಓದಪ್ಪ" ಅಂದ್ಲು. ಅವನು ಕನ್ನಡಕ ಹಣೆ ಮೇಲಿಂದ ಇಳಿಸಿ, ಪ್ಯಾಕೆಟ್ಟು ದೂರ ಹಿಡಿದು, ಹತ್ರ ಹಿಡಿದು, "ಅಮ್ಮಾ, ಇದನ್ನ ಕಂಪನಿಯೋರು ಓದಲಿ ಅಂತ ಹಾಕಿಲ್ಲ" ಅಂತ ವಾಪಸ್ ತಗೊಂಡು ಹೋದ.

ಡೇಟಿನ ದಿನ ನಾನು, ಜಲಜ, ಸುಪ್ರಿಯಾ ಆಸ್ಪತ್ರೆಗೆ ಹೋದ್ವಿ. ರಕ್ತ ಕೊಟ್ಟು ಕೂತ್ವಿ. ಒಳಗೆ ಕರೆದ್ರು. ಡಾಕ್ಟ್ರು ಪ್ರಿಯಂವದಾ ಚೀಟಿ ನೋಡೋಕೆ ಮುಂಚೆನೇ ಜಲಜ ಶುರು ಮಾಡಿದ್ಲು. ಬಿಸ್ಕತ್ತು ಎಷ್ಟು, ಚಿಪ್ಸು ಎಷ್ಟು, ಡಬ್ಬ ಎಷ್ಟು, ಮಿಷನ್ನಿನ ಮಡಿ ಹೆಂಗೆ, ಒಂದೂ ಬಿಡದೆ ಹೇಳಿದ್ಲು.

"ಇದನ್ನೆಲ್ಲ ಆವಾಗಲೇ ಹೇಳಬಾರದಾ ಅಮ್ಮ? ನಾನು ಕೇಳಿದೆನಲ್ಲ!"

"ನೀವು ಊಟ ಕೇಳಿದ್ರಿ" ಅಂದ್ಲು ಜಲಜ.

ಡಾಕ್ಟ್ರು ಪೆನ್ನು ಕೆಳಗಿಟ್ಟು ಚೀಟಿ ಎತ್ತಿ ನೋಡಿದ್ರು. ಆಮೇಲೆ ಹೇಳಿದ್ರು, "ಇನ್ಮೇಲೆ ಎಲ್ಲರಿಗೂ 'ಬಾಯಿಗೆ ಏನೇನು ಹೋಗುತ್ತೆ' ಅಂತ ಕೇಳ್ತೀನಿ. ಸಕ್ಕರೆ ಇಳಿದಿದೆ, ಪೂರ್ತಿ ಅಲ್ಲ, ನನಗೆ ಸಾಕಾಗೋಷ್ಟು. ನಾಳೆ ಬೆಳಗ್ಗೆ ಬಲಗಣ್ಣು ಮಾಡೋಣ."

ಜಲಜ ಸುಪ್ರಿಯಾಳ ಕೈ ಹುಡುಕಿದ್ಲು. ಪಕ್ಕದಲ್ಲಿ ನಾನೇ ಕೂತಿದ್ದೆ, ನನ್ನ ಕೈ ಸಿಕ್ಕಿತು, ಬಿಟ್ಟು ಇನ್ನೊಂದು ಕಡೆ ಹುಡುಕಿದ್ಲು. ನನಗೇನೂ ಬೇಜಾರಾಗಲಿಲ್ಲ. ಸ್ವಲ್ಪ ಆಯ್ತು.

ಆಪರೇಷನ್ ಆದ ಮಾರನೇ ದಿನ ಪಟ್ಟಿ ಬಿಚ್ಚಿದ್ರು. ಜಲಜ ಮೆಲ್ಲಗೆ ರೆಪ್ಪೆ ತೆಗೆದು, ಗೋಡೆ ನೋಡಿದ್ಲು, ಕಿಟಕಿ ನೋಡಿದ್ಲು, ಎದುರಿಗೆ ನಿಂತ ಸುಪ್ರಿಯಾನ ನೋಡಿದ್ಲು. ನೋಡ್ತಾನೇ ಇದ್ಲು.

"ಇಷ್ಟು ಬಿಳಿ ಕೂದಲು ಯಾವಾಗ ಬಂತೇ ನಿನಗೆ?"

"ಎರಡು ವರ್ಷ ಆಯ್ತು ಅತ್ತೆ."

"ನೀನು ಬೆಲ್ಲದ ಕೇಸ್ ಹಾಕಿದ್ಯಲ್ಲ, ಆವಾಗ ಬಾಕಿದೂ ಬಂತು" ಅಂದೆ ನಾನು.

ಜಲಜ ನನ್ನ ಮಾತಿಗೆ ಕಿವಿ ಕೊಡಲಿಲ್ಲ. ಸುಪ್ರಿಯಾಳ ತಲೆಯನ್ನ ಹತ್ರ ಎಳ್ಕೊಂಡು, ಕಿವಿ ಮೇಲಿನ ಬಿಳಿ ಎಳೆಗಳನ್ನ ಒಂದೊಂದೇ ಬೆರಳಲ್ಲಿ ಸರಿಸಿ ನೋಡಿದ್ಲು. ಸುಪ್ರಿಯಾ ಬಗ್ಗಿಕೊಂಡೇ ನಿಂತಿದ್ಲು, ಬೆನ್ನು ನೋವು ಬಂದಿರಬೇಕು, ಅಲುಗಾಡಲಿಲ್ಲ.

ಆಮೇಲೆ ನನ್ನ ಸರದಿ. ಜಲಜ ನನ್ನ ಕಡೆ ತಿರುಗಿ, ತಲೆಯಿಂದ ಕಾಲಿನವರೆಗೆ ನೋಡಿ, "ಅತ್ತಿಗೆ, ನೀವು ಮಾತ್ರ ಮದುವೆಯಾಗಿ ಬಂದಾಗ ಹೆಂಗಿದ್ರೋ ಹಂಗೇ ಇದೀರಿ" ಅಂದ್ಲು.

ನನಗೆ ಎದೆ ಉಬ್ಬಿ ರವಿಕೆ ಹುಕ್ಕು ಕಿತ್ತು ಹೋಗೋದೊಂದು ಬಾಕಿ. ಸುಪ್ರಿಯಾ ಯಾಕೋ ಸೆರಗು ಬಾಯಿಗೆ ಅಡ್ಡ ಹಿಡಿದು ನಗ್ತಿದ್ಲು. ಸರಿಯಾಗಿ ನೋಡ್ತೀನಿ, ನನ್ನ ನಾದಿನಿ ಹೊಸ ಕಣ್ಣನ್ನ ಅಂಗೈಯಲ್ಲಿ ಮುಚ್ಕೊಂಡು, ಪೊರೆ ಇರೋ ಕಣ್ಣಲ್ಲಿ ನನ್ನ ನೋಡ್ತಿದಾಳೆ.